ಮೂವತ್ತೊಂದನೆಯ ಆವರ್ತ

ಕುಕ್ಕರಿನ ಮೂರನೆಯ ಸೀಟಿ, ನಾನು ನುಡಿಸುತ್ತಿದ್ದ ರಚನೆಯ ಮೂವತ್ತೊಂದನೆಯ ಆವರ್ತದಲ್ಲಿ ಹೊಡೆಯಿತು. ಧ್ವನಿಮುದ್ರಣದಲ್ಲಿ ಅದು ಇಲ್ಲ. ನನ್ನ ಪಿಯಾನೊ ಕೀಬೋರ್ಡಿನಿಂದ ಒಂದು ತಂತಿ ನೇರವಾಗಿ ಫೋನಿಗೆ ಹೋಗುತ್ತದೆ, ಕೋಣೆಯ ಸದ್ದು ಅದರೊಳಗೆ ಬರುವುದಿಲ್ಲ. ಹಾಗಾಗಿ ಸೀಟಿಯನ್ನು ನಾನು ಅವತ್ತೇ ಮರೆತುಬಿಟ್ಟೆ.

ಬನಹಟ್ಟಿಯ ನಮ್ಮ ಓಣಿಯಲ್ಲಿ ಮಗ್ಗಗಳು ವಾರಕ್ಕೊಂದು ದಿನ ನಿಲ್ಲುತ್ತವೆ. ಉಳಿದ ದಿನಗಳಲ್ಲಿ ಬೆಳಿಗ್ಗೆ ಏಳಕ್ಕೆ ಶುರುವಾದರೆ ಗೋಡೆಯೂ ಅದುರುತ್ತದೆ. ಕಿವಿ ಮುಚ್ಚಿಕೊಂಡು ನುಡಿಸಿದರೂ ಬೆರಳುಗಳು ನನ್ನ ಎಣಿಕೆ ಬಿಟ್ಟು ಮಗ್ಗದ ಎಣಿಕೆ ಹಿಡಿಯುತ್ತವೆ. ಅದಕ್ಕೇ ಮಗ್ಗದ ರಜೆಯ ದಿನ ಧ್ವನಿಮುದ್ರಿಸಿದೆ. ಧಾರವಾಡದಲ್ಲಿ ಸಂಖ್ಯಾಶಾಸ್ತ್ರ ಓದುವಾಗ ಹಾಸ್ಟೆಲಿನಲ್ಲಿ ವಿಡಿಯೊ ನೋಡಿ ಪಿಯಾನೊ ಕಲಿತವಳು ನಾನು. ನಿಜವಾದ ಪಿಯಾನೊವನ್ನು ಇದುವರೆಗೆ ಒಮ್ಮೆ ಮಾತ್ರ ಮುಟ್ಟಿದ್ದೇನೆ. ಈಗ ಜಮಖಂಡಿಯ ಒಂದು ಕಾಲೇಜಿನಲ್ಲಿ ಪಾಠ ಹೇಳುತ್ತೇನೆ. ನಾಲ್ಕು ನಿಮಿಷದ ಈ ರಚನೆಗೆ ಒಂಬತ್ತು ತಿಂಗಳು ಹಿಡಿದಿತ್ತು. ಅದು ದುಃಖದ್ದು, ಅಲ್ಲವೆನ್ನುವುದಿಲ್ಲ. ಯಾವ ದುಃಖ ಎಂಬುದನ್ನು ಯಾರಿಗೂ ಹೇಳಿಲ್ಲ, ಇಲ್ಲಿಯೂ ಬರೆಯುವುದಿಲ್ಲ.

ಇಬ್ಬರಿಗೆ ಕಳಿಸಿದೆ. ಒಬ್ಬರು ನಮ್ಮ ಕಾಲೇಜಿನಲ್ಲಿ ಕನ್ನಡ ಕಲಿಸುವ ಮೇಡಂ, ಸಂಗೀತ ಕೇಳುವವರು. ಇನ್ನೊಬ್ಬಳು ಮುಧೋಳದ ಚಿಕ್ಕವ್ವ, ಭಜನೆಗೆ ಹಾರ್ಮೋನಿಯಂ ನುಡಿಸುವವಳು. ಜೊತೆಗೆ ಒಂದೇ ಪ್ರಶ್ನೆ ಬರೆದಿದ್ದೆ: ಮೊದಲಿನ ರಾಗ ಕೊನೆಯಲ್ಲಿ ಮರಳಿ ಬರುತ್ತದೆ, ಅದು ಉದ್ದವಾಯಿತೇ? ನನ್ನಿಂದ ತೀರ್ಮಾನವಾಗದೆ ಉಳಿದದ್ದು ಅದೊಂದೇ. ತಪ್ಪಿದ್ದರೆ ತಪ್ಪು ಎಂದು ಯಾರಾದರೂ ಹೇಳಬೇಕಿತ್ತು. ಹೇಳುವವರಿಲ್ಲದಿದ್ದರೆ ಎರಡನೆಯದನ್ನು ಯಾವ ಧೈರ್ಯದ ಮೇಲೆ ಬರೆಯಲಿ?

ಮೇಡಂ ಸ್ಟಾಫ್ ರೂಮಿನಲ್ಲಿ ಒಂದೇ ಕಿವಿಗೆ ಇಯರ್‌ಫೋನ್ ಇಟ್ಟುಕೊಂಡು, ಉತ್ತರಪತ್ರಿಕೆ ತಿದ್ದುತ್ತಲೇ ಕೇಳಿದರು. ಮುಗಿದ ಮೇಲೆ ಕಣ್ಣಿನಲ್ಲಿ ನೀರಿತ್ತು. ನಡುವೆ ಒಂದು ಕಡೆ ಬಿಕ್ಕಿದಂತೆ ಬರುತ್ತದಲ್ಲ, ಇಡೀ ರಚನೆಯ ಜೀವ ಅಲ್ಲೇ ಇದೆ ಎಂದರು. ಕೊನೆಯ ಭಾಗ ಹೇಗಿತ್ತು ಎಂದು ಕೇಳಿದೆ. ಎಲ್ಲವೂ ಚೆನ್ನಾಗಿದೆ ಎಂದು ಮುಂದಿನ ಪತ್ರಿಕೆ ತೆಗೆದುಕೊಂಡರು. ಬಿಕ್ಕುವ ಜಾಗವನ್ನು ನಾನು ಎಲ್ಲಿಯೂ ಬರೆದಿರಲಿಲ್ಲ. ಅವರ ಕಲ್ಪನೆ ಇರಬೇಕು ಎಂದುಕೊಂಡೆ.

ಚಿಕ್ಕವ್ವ ನನಗೆ ಉತ್ತರಿಸಲಿಲ್ಲ. ಅವ್ವನಿಗೆ ಫೋನ್ ಮಾಡಿದಳು. ಅವ್ವ ಸ್ಪೀಕರ್ ಹಾಕಿಕೊಂಡು ರೊಟ್ಟಿ ಬಡಿಯುತ್ತಿದ್ದಳು, ನಾನು ಪಕ್ಕದಲ್ಲೇ ಇದ್ದೆ.

"ಅಕ್ಕಾ, ಹುಡುಗಿ ಮನಸಿನ್ಯಾಗ ಏನರ ಐತೇನ ನೋಡ. ನಡಕ ಒಮ್ಮೆ ಅಳು ತಡದಂಗ ಬಾರಿಸ್ಯಾಳ. ನನಗ ಎದಿ ಧಸಕ್ ಅಂತು."

ಫೋನ್ ಇಟ್ಟ ಮೇಲೆ ಅವ್ವ, ಮಹಾಲಿಂಗಪುರದವರ ಸಂಬಂಧ ಮುರಿದದ್ದಕ್ಕೆ ಬೇಸರವಾಗಿದೆಯೇ ಎಂದು ಕೇಳಿದಳು.

"ಒಲ್ಲೆ ಅಂದಾಕಿ ನಾನ ಅಲ್ಲೇನ ಯವ್ವಾ?"

"ಅಂದ ಮ್ಯಾಲೆ ಬ್ಯಾಸರ ಆಗಬಾರದಂತ ಐತೇನ?" ಎಂದು ರೊಟ್ಟಿ ತಿರುವಿ ಹಾಕಿದಳು. ಅವತ್ತಿನಿಂದ ನಾನು ಊಟದಲ್ಲಿ ಎರಡು ತುತ್ತು ಕಡಿಮೆ ಉಂಡರೂ ಅವಳು ನನ್ನ ಮುಖ ನೋಡತೊಡಗಿದಳು.

ಚಿಕ್ಕವ್ವನ ಮಗನಿಗೆ ಮುಧೋಳದಲ್ಲಿ ಬ್ಯಾನರ್ ಮಾಡುವ ಅಂಗಡಿ ಇದೆ. ಹುಟ್ಟುಹಬ್ಬ, ಮದುವೆ, ಶ್ರದ್ಧಾಂಜಲಿಗಳಿಗೆ ಫೋನಿನಲ್ಲಿ ಹಾಕುವ ಚಿಕ್ಕ ವಿಡಿಯೊಗಳನ್ನೂ ಮಾಡುತ್ತಾನೆ. ಎರಡು ದಿನ ಬಿಟ್ಟು ಅಂಥದ್ದೊಂದು ನನ್ನ ಫೋನಿಗೇ ಬಂತು: ಬಿಳಿ ಟೊಪ್ಪಿಗೆಯ ಒಬ್ಬ ಅಪರಿಚಿತ ಹಿರಿಯರು, ಸುತ್ತ ತಿರುಗುವ ಹೂಮಾಲೆ, ಹಿನ್ನೆಲೆಗೆ, ಚಿಕ್ಕವ್ವನ ಫೋನಿನಿಂದ ತೆಗೆದುಕೊಂಡ ನನ್ನ ಪಿಯಾನೊ. ನಡುವಿನಿಂದ ಅರ್ಧ ನಿಮಿಷ ಕತ್ತರಿಸಿಕೊಂಡಿದ್ದ. ಕೆಳಗೆ ಒಬ್ಬರ ನಂತರ ಒಬ್ಬರು ಓಂ ಶಾಂತಿ ಎಂದು ಬರೆದಿದ್ದರು. ಸಿಟ್ಟಿನಿಂದ ಫೋನ್ ಮಾಡಿದೆ.

"ಅಕ್ಕಾ, ಆ ತಡಿಯೂ ಜಾಗಾ ಇಲ್ಲಾ, ಅಲ್ಲೆ ಫೋಟೊ ಬರೂವಂಗ ಇಟ್ಟೇನಿ. ಮನಿಯವರು ಭಾಳ ಛಲೋ ಆತಂದ್ರು. ನಿನ್ನ ಹೆಸರ ಹಾಕಲೇನ?"

ಹೆಸರು ಬೇಡ ಎಂದೆ. ವಿಡಿಯೊ ತೆಗೆಸಬೇಕೆಂದುಕೊಂಡಿದ್ದೆ. ಸತ್ತವರ ಮನೆಯವರನ್ನು ನೆನೆದು ಆಗಲಿಲ್ಲ.

ನಮ್ಮ ಎದುರಿನ ಮಗ್ಗದ ಮನೆಯ ಕಾಕಾ ಅವತ್ತು ಸಂಜೆ ಪೇಪರ್ ಓದಲು ಎಂದಿನಂತೆ ನಮ್ಮ ಕಟ್ಟೆಗೆ ಬಂದರು. ಐವತ್ತು ವರ್ಷ ಮಗ್ಗದ ಸದ್ದಿನಲ್ಲಿ ಕಳೆದ ಅವರಿಗೆ ಮಾತು ಸರಿಯಾಗಿ ಕೇಳಿಸುವುದಿಲ್ಲ, ಓಣಿಯವರೆಲ್ಲ ಅವರೊಂದಿಗೆ ಕೂಗಿಯೇ ಮಾತನಾಡುತ್ತಾರೆ. ಅಂಥವರಿಗೆ ಅವ್ವ ನನ್ನನ್ನು ಕೇಳದೆಯೇ ಹಾಡು ಹಚ್ಚಿ ಫೋನ್ ಕೈಗೆ ಕೊಟ್ಟಳು. ಅವರು ಅದನ್ನು ಕಿವಿಗೆ ಒತ್ತಿ ಹಿಡಿದು, ದೂರದವರ ಮಾತು ಕೇಳುವವರ ಹಾಗೆ ನೆಲ ನೋಡುತ್ತ ಕುಳಿತರು. ನಾನು ಒಳಗೆ ಎದ್ದು ಹೋಗಬೇಕು ಎನ್ನುವಷ್ಟರಲ್ಲಿ ತಲೆ ಎತ್ತಿದರು.

"ಯವ್ವಾ, ಎಲ್ಲಾ ಬರೋಬರಿ ನಡದಿತ್ತು. ನಡಕ ಮಗ್ಗ ನಿಂತು ಹೊಳ್ಳಿ ಚಾಲೂ ಆದಂಗಾತಲಾ, ಯಾಕ?"

"ಹಂಗೇನಿಲ್ರಿ ಕಾಕಾ," ಎಂದು ಕೂಗಿದೆ. "ದುಃಖದ್ದ ಐತಲ್ರಿ, ಹಂಗ ಕೇಳಸ್ತೈತಿ."

"ದುಃಖದ್ದು ಗೊತ್ತಾತು ಬಿಡ. ಬೇಕಂತ ನಿಲ್ಲಿಸಿದ್ರ ಬ್ಯಾರೆ ಇರತೈತಿ. ಇದು ಅಂಜಿ ನಿಂತೈತಿ."

ಇಷ್ಟು ಹೇಳಿ ಪೇಪರ್ ತೆಗೆದುಕೊಂಡರು. ಈ ಕಾಕಾ ಬಾಗಿಲಲ್ಲಿ ಕುಳಿತೇ, ಒಳಗಿನ ಹನ್ನೆರಡು ಮಗ್ಗಗಳಲ್ಲಿ ಯಾವುದರ ಎಳೆ ಹರಿದಿದೆ ಎಂದು ಹೇಳುವುದನ್ನು ಚಿಕ್ಕಂದಿನಿಂದ ನೋಡಿದ್ದೇನೆ. ಆದರೂ ನಂಬಲಿಲ್ಲ. ಅವರು ತಪ್ಪು ಎಂದು ತೋರಿಸಲೆಂದೇ ಒಳಗೆ ಹೋಗಿ, ಮುದ್ರಣದ ಜೊತೆಗೆ ತಾಳದ ಯಂತ್ರ ಹಚ್ಚಿ, ಆವರ್ತಕ್ಕೆ ನಾಲ್ಕರಂತೆ ಮೊದಲಿನಿಂದ ಎಣಿಸಿದೆ. ಮೂವತ್ತರವರೆಗೆ ಕೂದಲೆಳೆಯಷ್ಟೂ ವ್ಯತ್ಯಾಸವಿರಲಿಲ್ಲ. ಮೂವತ್ತೊಂದರಲ್ಲಿ ನನ್ನ ಎಡಗೈ ಒಂದು ಎಣಿಕೆಗಿಂತ ಹೆಚ್ಚು ತಡವಾಗಿ ಬಿದ್ದಿತ್ತು. ಆಗ ಸೀಟಿ ನೆನಪಾಯಿತು. ಸೀಟಿ ಮುದ್ರಣದಲ್ಲಿ ಇರಲಿಲ್ಲ, ಸೀಟಿಗೆ ನಾನು ಬೆಚ್ಚಿದ್ದು ಇತ್ತು.

ಮೇಡಂ ಅತ್ತದ್ದು ಅಲ್ಲಿ. ಚಿಕ್ಕವ್ವನ ಎದೆ ಧಸಕ್ಕೆಂದದ್ದು ಅಲ್ಲಿ. ಸತ್ತವರ ಫೋಟೊ ಬಂದದ್ದೂ ಅಲ್ಲೇ. ಒಂಬತ್ತು ತಿಂಗಳ ನನ್ನ ಕೆಲಸದಲ್ಲಿ ಎಲ್ಲರಿಗೂ ಮುಟ್ಟಿದ್ದು ಅವ್ವ ಬೇಯಲು ಇಟ್ಟಿದ್ದ ಬೇಳೆ.

ಅದನ್ನು ಹಾಗೇ ಉಳಿಸಿಕೊಳ್ಳಬಹುದಿತ್ತು. ಎಲ್ಲರೂ ಮೆಚ್ಚಿದ್ದನ್ನು ನನ್ನದೇ ಎಂದು ಒಪ್ಪಿಕೊಂಡರೆ ಕೇಳುವವರು ಯಾರಿದ್ದರು? ಆ ಸಂಜೆ ಪ್ರಯತ್ನಿಸಿಯೂ ನೋಡಿದೆ. ಬೇಕೆಂದೇ ಎಡಗೈ ತಡೆದು ನುಡಿಸಿದೆ. ಮೊದಲ ಸಲ ಅಳುವ ನಟನೆಯಂತೆ ಕೇಳಿಸಿತು, ಐದನೆಯ ಸಲ ಇನ್ನೂ ಕೆಟ್ಟಿತು. ಹಳೆಯದನ್ನು ಎಲ್ಲರ ಫೋನಿನಿಂದ ಅಳಿಸಲು ನೋಡಿದೆ. ಹೊತ್ತು ಮೀರಿತ್ತು, ನನ್ನ ಫೋನಿನಿಂದ ಮಾತ್ರ ಹೋಯಿತು.

ಮರುದಿನ ಬೆಳಿಗ್ಗೆ ಐದೂವರೆಗೆ ಎದ್ದೆ. ಅರ್ಧ ಗಂಟೆ ಕುಕ್ಕರ್ ಇಡಬೇಡ ಎಂದು ಅವ್ವನಿಗೆ ಹೇಳಿದೆ. ಯಾಕೆ ಎಂದಳು. ಮೊದಲ ಬಾರಿಗೆ ಎಲ್ಲವನ್ನೂ ಹೇಳಿದೆ. ಅವಳು ನನ್ನನ್ನು ದಿಟ್ಟಿಸಿ ನೋಡಿ, "ಅಂದ್ರ ಮಹಾಲಿಂಗಪುರದ್ದ ಏನೂ ಇಲ್ಲಲ್ಲಾ?" ಎಂದು ಖಾತ್ರಿ ಮಾಡಿಕೊಂಡು, ಚಹಾಕ್ಕೆ ಮಾತ್ರ ಒಲೆ ಹಚ್ಚಿದಳು. ಮೂರನೆಯ ಪ್ರಯತ್ನದಲ್ಲಿ ಎಣಿಕೆ ಸರಿಯಾಗಿ ಬಂತು. ಮೂವತ್ತೊಂದನೆಯ ಆವರ್ತ ಯಾರ ಗಮನಕ್ಕೂ ಬಾರದಂತೆ ಸರಿದು ಹೋಯಿತು. ಬರೆದಂತೆಯೇ ಇತ್ತು, ಮೊದಲಿಗಿಂತ ಸಪ್ಪೆಯಾಗಿಯೂ ಇತ್ತು.

ಮಗ್ಗ ಶುರುವಾಗುವ ಮುಂಚೆ ಎದುರು ಮನೆಗೆ ಹೋಗಿ ಕಾಕಾನ ಕೈಗೆ ಫೋನ್ ಕೊಟ್ಟೆ. ಈ ಸಲ ಪೂರ್ತಿ ಕೇಳಿದರು.

"ಈಗ ಬರೋಬರಿ ಆತು," ಎಂದು ಫೋನ್ ಮರಳಿಸಿದರು. ಕೊನೆಯ ಭಾಗದ ಬಗ್ಗೆ ನಾನು ಅವರನ್ನು ಏನೂ ಕೇಳಿರಲಿಲ್ಲ. "ಕಡೀಕ ಭಾಳ ಉದ್ದ ಆತ ನೋಡ. ಹೇಳಿದ್ದ ಹೇಳತೈತಿ."

ಸಿಟ್ಟು ಬಂತು. ಅದೇ ಸಿಟ್ಟಿನಲ್ಲಿ ಬಸ್ ಹತ್ತಿ, ಚೀಲದಿಂದ ಸ್ವರಗಳ ಪುಸ್ತಕ ತೆಗೆದು, ಜಮಖಂಡಿ ಬರುವಷ್ಟರಲ್ಲಿ ಕೊನೆಯ ಎಂಟು ಆವರ್ತಗಳ ಮೇಲೆ ಪೆನ್ಸಿಲಿನಿಂದ ಗೆರೆ ಎಳೆದೆ. ಬಸ್ಸಿನ ಕುಲುಕಿಗೆ ಗೆರೆ ಸೊಟ್ಟಗಾಯಿತು. ಇಳಿದ ಮೇಲೆ ನಿಲ್ದಾಣದ ಕಲ್ಲುಬೆಂಚಿನ ಮೇಲೆ ಪುಸ್ತಕವಿಟ್ಟು ಇನ್ನೊಮ್ಮೆ ನೆಟ್ಟಗೆ ಎಳೆದೆ.