ಬೆಳವದ ಮರಿಯ ಬರಿಗೊರಳು

ಬೆಳಿಗ್ಗೆ ಕಿಟಕಿಯ ಮೇಲಿನ ಗೂಡಿನಲ್ಲಿ ಬೆಳವದ ಮರಿ ಕಂಡು ಶಿಕಾರಿಪುರದ ತವರುಮನೆ ನೆನಪಾಯಿತು.

ಕೊರಳ ತುಂಬ ಚುಕ್ಕೆಯಿದ್ದ ಬೆಳವವನ್ನು ಅಜ್ಜಿ ಕರಿಮಣಿ ಕಟ್ಟಿದ ಮುತ್ತೈದೆ ಎನ್ನುತ್ತಿದ್ದರು. ಅದು ತಲೆಬಾಗಿಲ ಮೇಲೆ ಗೂಡು ಕಟ್ಟಬಹುದಿತ್ತು. ಕತ್ತಿನ ಹಿಂದೆ ಒಂದೇ ಕರಿಗೆರೆಯಿದ್ದ ಇನ್ನೊಂದು ಜಾತಿ ಅವರ ಲೆಕ್ಕದಲ್ಲಿ ಬೋಳು ಕೊರಳಿನದು; ಅದಕ್ಕೆ ಆ ಜಾಗವಿರಲಿಲ್ಲ.

ಗಂಡ ತೀರಿಕೊಂಡು ಸೊರಬದಿಂದ ಹಿಂದಿರುಗಿದ್ದ ಸೋದರತ್ತೆ ತಲೆಬಾಗಿಲ ಮೇಲಿದ್ದ ಒಂದು ಗೂಡಿನ ಕೆಳಗೆ ದಿನವೂ ನುಚ್ಚು ಹಾಕುತ್ತಿದ್ದಳು. ಒಂದು ದಿನ ಅಜ್ಜಿ, ಅದು ಯಾವ ಜಾತಿಯದೆಂದು ನೋಡಲು, ಇನ್ನೂ ಚಿಕ್ಕವಳಾಗಿದ್ದ ನನ್ನನ್ನು ಏಣಿ ಹತ್ತಿಸಿದರು. ತಾಯಿ ಹಕ್ಕಿ ಹಾರಿಹೋಗಿ ಮರಿ ಮಾತ್ರ ಉಳಿದಿತ್ತು.

"ಕೊರಳಾಗ ಏನೈತಿ?" ಎಂದರು ಅಜ್ಜಿ.

"ಚುಕ್ಕಿ ಐತಿ ಅನ್ನವ್ವ," ಎಂದು ಏಣಿ ಹಿಡಿದಿದ್ದ ಅತ್ತೆ ನನಗಷ್ಟೇ ಕೇಳುವಂತೆ ಪಿಸುಗುಟ್ಟಿದಳು.

ನಾನು ಆಗಲೂ ಸುಳ್ಳು ಹೇಳುವವಳಲ್ಲ. "ಏನೂ ಇಲ್ಲಜ್ಜಿ, ಬೋಳೈತಿ," ಎಂದೆ.

"ಬೋಳು ಕೊರಳಿಂದು ಬಾಗ್ಲಾಗ ಬ್ಯಾಡ. ತೆಗಿ."

ಗೂಡನ್ನು ನಾನೇ ಇಳಿಸಿದೆ. ಅತ್ತೆ ಸೆರಗನ್ನು ಕೊರಳಿಗೆ ಎಳೆದುಕೊಂಡು ಒಳಗೆ ಹೋದಳು.

ಎರಡೂ ಜಾತಿಯ ಮರಿಗಳ ಕೊರಳು ಬೋಳೇ, ಗುರುತು ಮೂಡುವುದು ಬೆಳೆದ ಮೇಲೆ ಎಂದು ನನಗೆ ತಿಳಿಯುವಷ್ಟರಲ್ಲಿ ಅತ್ತೆಯೇ ಇರಲಿಲ್ಲ.

"ಗೂಡು ತೆಗೀಲೇನ್ರಿ?" ಎಂದು ಇವತ್ತು ನನ್ನ ಸೊಸೆ ಪೊರಕೆ ಹಿಡಿದು ಕೇಳಿದಳು.

"ಮುಟ್ಟಬ್ಯಾಡ," ಎಂದೆ. ಆಮೇಲೆ ಒಂದು ಹಿಡಿ ನುಚ್ಚು ತಂದು ಹಾಕಿದೆ. ಬೇರೇನು ಮಾಡಬೇಕೋ ತೋಚಲಿಲ್ಲ.