ಬಿಸಿಲಿಗೆ ಬಾಗಿದ ಬ್ರೆಜಿಲ್ ಪ್ಲೇಟು

ಮಾದಾಪುರದ ಗುಡ್ಡಗಳ ಮೇಲೆ ಇನ್ನೂ ಸೂರ್ಯ ಬಂದಿಲ್ಲ. ಎಸ್ಟೇಟಿನ ಕಾಫಿ ಕಣದಲ್ಲಿ ಟಾರ್ಪಾಲು ಹೊದ್ದ ಗುಪ್ಪೆಗಳು ಮಲಗಿದ ಎಮ್ಮೆಗಳಂತೆ ಸಾಲಾಗಿವೆ. ಮಾಯಿಲಪ್ಪ ಒಂದೊಂದರ ಬಳಿಗೂ ಹೋಗಿ, ಹೊದಿಕೆಯ ಅಂಚೆತ್ತಿ, ಮೊಣಕೈವರೆಗೆ ಕೈ ತೂರಿಸುತ್ತಾರೆ. ಹೊರಬಂದ ಕೈಯಲ್ಲಿ ಒಂದೇ ಬೀಜ ಇರುತ್ತದೆ. ಅದನ್ನು ಬಾಯಿಗೆ ಹಾಕಿ, ದವಡೆಯ ಕಡೆಗೆ ತಳ್ಳಿ, ಕಣ್ಣು ಮುಚ್ಚಿ ಕಚ್ಚುತ್ತಾರೆ. ಹಲ್ಲು ಒಳಗಿಳಿದರೆ ಇನ್ನೂ ಬಿಸಿಲು ಬೇಕು, ಜಾರಿದರೆ ಚೀಲಕ್ಕೆ ಸಿದ್ಧ. ಇದಕ್ಕಿಂತ ಹೆಚ್ಚಿನ ಯಂತ್ರ ಈ ಕಣದಲ್ಲಿಲ್ಲ.

ದಿನವೂ ಈ ಹೊತ್ತಿಗೆ ಅವರ ಕಣ್ಣು ಮೋಡದ ಮೇಲಿರುತ್ತದೆಯಂತೆ. ಇವತ್ತು ರಸ್ತೆಯ ಮೇಲಿದೆ. ಭಾನುವಾರ. ಬೊಂಬಾಯಿಯಿಂದ ಎಸ್ಟೇಟಿನ ಒಡತಿ ಬೊಳ್ಳಮ್ಮನವರ ಗಂಡನ ಅಣ್ಣನ ಮಗ ಸೋಮಯ್ಯ ಬರುತ್ತಾರೆ, ಬರುವಾಗ ಒಂದು ಗ್ರಾಮಫೋನ್ ಪ್ಲೇಟು ತರುತ್ತಾರೆ. ಆ ಪ್ಲೇಟು ಹೇಗೆ ಹಾಡುತ್ತದೆ ಎನ್ನುವುದರ ಮೇಲೆ ಮಾಯಿಲಪ್ಪನ ಹೆಸರು ನಿಂತಿದೆ. ಈ ಮಾತು ಅವರದ್ದೇ.

"ನೇರ ಹಾಡಿದರೆ ಹಳೇದನ್ನ ನಾ ಹಾಳು ಮಾಡಿದ್ದು. ತೂಗಿ ಹಾಡಿದರೆ ಅದರ ಗುಣವೇ ಹಾಗೆ. ಎರಡರಲ್ಲಿ ಒಂದು ಇವತ್ತು ಗೊತ್ತಾಗ್ತದೆ," ಎಂದು ಹೇಳಿ ಬಾಯಲ್ಲಿದ್ದ ಬೀಜವನ್ನು ಉಗಿಯುತ್ತಾರೆ.

ಮನೆಮಾತು ಅರೆಭಾಷೆ. ಹೊರಗಿನವರೊಡನೆ ಮಾತನಾಡುವಾಗ ಅದಕ್ಕೆ ಸ್ವಲ್ಪ ಇಸ್ತ್ರಿ ಹಾಕುತ್ತಾರೆ, ಮಾತು ಕಾಫಿಗೆ ಬಂದರೆ ಮರೆಯುತ್ತಾರೆ. ಊರು ಭಾಗಮಂಡಲದ ಆಚೆ. "ಅಲ್ಲಿ ನಾವು ಬಿಸಿಲನ್ನ ನೆಂಟರ ಹಾಗೆ ನೋಡ್ದು. ಬಂದರೆ ಖುಷಿ, ಎಷ್ಟೊತ್ತಿಗೆ ಹೋಗ್ತದೆಂತ ಗೊತ್ತಿಲ್ಲೆ." ಅಂಥ ಊರಿನವರು ಬಿಸಿಲನ್ನೇ ನಂಬಿದ ಕೆಲಸಕ್ಕೆ ಬಂದು ಇಲ್ಲೇ ತಲೆ ಹಣ್ಣು ಮಾಡಿಕೊಂಡಿದ್ದಾರೆ. ಕೊಡಗು ಪ್ರತ್ಯೇಕ ರಾಜ್ಯವಾಗಿದ್ದಾಗಲೂ ಅವರು ಇದೇ ಕಣದಲ್ಲಿದ್ದರು. ಮೈಸೂರಿಗೆ ಸೇರಿದ ಮೇಲೆ ಏನು ಬದಲಾಯಿತೆಂದು ಕೇಳಿದರೆ ಸ್ವಲ್ಪ ಯೋಚಿಸಿ, "ಟಾರ್ಪಾಲು ಹೊಸತು ಬಂತು" ಎನ್ನುತ್ತಾರೆ.

ಕೆಲಸ ಹೊರಗಿನಿಂದ ನೋಡುವುದಕ್ಕೆ ಸುಲಭ. ತೊಳೆದ ಕಾಫಿಯನ್ನು ಹರಡಬೇಕು, ಉದ್ದ ಹಿಡಿಕೆಯ ಹಲಗೆಯಿಂದ ಎಳೆದೆಳೆದು ಮಗುಚಬೇಕು, ಸಂಜೆ ಗುಪ್ಪೆ ಮಾಡಿ ಮುಚ್ಚಬೇಕು. ನಡುಮಧ್ಯಾಹ್ನವೂ ಒಮ್ಮೆ ಚಾಪೆ ಮುಚ್ಚಬೇಕು. ಬೀಜದ ಮೇಲೆ ಬಿಳಿಯ ಹೊಟ್ಟಿನ ಅಂಗಿ ಇರುತ್ತದೆ. ನೆತ್ತಿಯ ಬಿಸಿಲಿಗೆ ಅದು ಬಿರಿಯಿತೆಂದರೆ ಮಾಲು ಕೆಳಗಿನ ದರ್ಜೆಗೆ ಇಳಿಯಿತು. ಮಾಯಿಲಪ್ಪನ ಕಾಲದಲ್ಲಿ ಒಂದು ಚೀಲವೂ ಹಾಗೆ ಇಳಿದಿಲ್ಲ. ಮಗಳ ಮದುವೆಯ ಊಟದ ಪಂಕ್ತಿಯಿಂದ, ಪಾಯಸಕ್ಕೆ ಮೊದಲೇ, ಮೋಡ ಕಂಡಿತೆಂದು ಎದ್ದು ಬಂದವರು ಅವರು. ಹೆಂಡತಿ ಯಮುನ ಅದನ್ನಿನ್ನೂ ಮರೆತಿಲ್ಲ. "ಮಳೆಯೂ ಬರಲಿಲ್ಲೆ, ಪಾಯಸವೂ ಉಳಿಯಲಿಲ್ಲೆ. ಬೀಗರು ಏನು ತಿಳ್ಕೊಂಡರೋ," ಎನ್ನುತ್ತಾರೆ.

ಇಂಥವರ ಕೈಯಲ್ಲಿ ಪ್ಲೇಟುಗಳು ಬಾಗಿದ ಕತೆ ಹೀಗಿದೆ.

ಬೊಳ್ಳಮ್ಮನವರ ಪತಿ ಹಡಗಿನ ಇಂಜಿನಿಯರಾಗಿದ್ದವರು. ನಿವೃತ್ತರಾಗಿ ಎಸ್ಟೇಟಿಗೆ ಬರುವಾಗ ದೇಶದೇಶಗಳ ಬಂದರಿನಲ್ಲಿ ಕೊಂಡ ಪ್ಲೇಟುಗಳನ್ನು ತಂದರು. ಆಮೇಲೂ ಹಳೆಯ ಸಹೋದ್ಯೋಗಿಗಳು ಕಳುಹಿಸುತ್ತಿದ್ದರು. ನೀಗ್ರೊಗಳ ಜಾಝ್, ಬ್ರೆಜಿಲಿನಿಂದ ಹೊಸದಾಗಿ ಹೊರಟ ಬೊಸ್ಸಾ ನೋವಾ ಎಂಬ ಮೆಲುದನಿಯ ಹಾಡುಗಳು, ಹೀಗೆ. ಎರಡೂವರೆ ವರ್ಷದ ಕೆಳಗೆ ಅವರು ತೀರಿಕೊಂಡರು. ಅದೇ ಮಳೆಗಾಲ ಪೆಟ್ಟಿಗೆಯೊಳಗೆ ಬೂಷ್ಟು ಹಿಡಿಯಿತು. ಸೆಪ್ಟೆಂಬರಿನ ಕೈಲ್ ಮುಹೂರ್ತದ ಹಬ್ಬ ಕಳೆದು ಒಳ್ಳೆಯ ಬಿಸಿಲು ಬಿದ್ದಾಗ ಇಲ್ಲಿನ ಮನೆಗಳಲ್ಲಿ ಕಂಬಳಿ, ಕೋಟು, ಬೂಟು, ಪುಸ್ತಕ ಎಲ್ಲವೂ ಹೊರಗೆ ಬರುತ್ತವೆ. ಬೊಳ್ಳಮ್ಮ ಆ ವರ್ಷ ಪೆಟ್ಟಿಗೆಯನ್ನೂ ತೋರಿಸಿ, "ಇದನ್ನೂ ಬಿಸಿಲಿಗೆ ಹಾಕು ಮಾಯಿಲಪ್ಪ" ಅಂದರು.

ಮಾಯಿಲಪ್ಪ ಹಾಕಿದರು, ಶ್ರದ್ಧೆಯಿಂದ. ಒದ್ದೆ ಬಟ್ಟೆಯಲ್ಲಿ ಒರೆಸಿ, ಕವರಿನಿಂದ ಬೇರೆ ಮಾಡಿ, ಖಾಲಿ ಕಣದಲ್ಲಿ ಒಂದಕ್ಕೊಂದು ತಾಗದಂತೆ ಹರಡಿದರು. ಹೊತ್ತು ಹೊತ್ತಿಗೆ ಮಗುಚಿದರು. ಮಧ್ಯಾಹ್ನವಾದಾಗ ಮುಚ್ಚಬೇಕೇ ಎಂಬ ಪ್ರಶ್ನೆ ಬಂತು. ಅದನ್ನೂ ತಮ್ಮ ಶಾಸ್ತ್ರದಂತೆಯೇ ತೀರ್ಮಾನಿಸಿದರು. "ಕಾಫಿಗೆ ಅಂಗಿ ಉಟ್ಟು, ಬಿರಿತದೆ, ಅದಕ್ಕೆ ಮುಚ್ಚೋದು. ಇದಕ್ಕೆ ಅಂಗಿ ಎಲ್ಲುಟ್ಟು? ನಾನೇ ತೆಗೆದು ಬದಿಗಿಟ್ಟಿದ್ದೆ." ಅರೆಭಾಷೆಯ 'ಉಟ್ಟು' ಎಂದರೆ 'ಉಂಟು'.

ಊಟ ಮುಗಿಸಿ ಬಂದು ನೋಡಿದಾಗ ದಪ್ಪ ಪ್ಲೇಟುಗಳು ಸುಮ್ಮನಿದ್ದವು. ತೆಳುವಾದವು ಅಂಚೆತ್ತಿ ಹಪ್ಪಳವಾಗಿದ್ದವು.

ಕಣದಲ್ಲಿ ಕೆಲಸ ಮಾಡುವ ಹೆಂಗಸರಿಗೆ ಇದು ಇನ್ನೂ ಹಳಸಿಲ್ಲ. ಅವರ ಮುಂದಾಳು ಮಾರಿ, ತೋಟದ ಕೂಲಿಕಾರರ ಲೈನು ಮನೆಯವಳು, ಹಲಗೆ ಎಳೆಯುತ್ತಲೇ ಹೇಳುತ್ತಾಳೆ: "ಒಣಗೈತಾ ಅಂತ ಕಚ್ಚಿ ನೋಡವ್ರೆ ಸಾ. ಒಂದರ ಅಂಚಲ್ಲಿ ಹಲ್ಲಿನ ಗುರುತೈತೆ."

"ಸುಳ್ಳು," ಎನ್ನುತ್ತಾರೆ ಮಾಯಿಲಪ್ಪ. "ಉಗುರಿನಲ್ಲಿ ಒತ್ತಿ ನೋಡಿದ್ದೆ ಅಷ್ಟೆ."

"ಹಂಗಾರೆ ಹಲ್ಲು ಇಲಿದಾ ಮಾಯಿಲಪ್ನೋರೆ? ಇಲಿ ಬೀಜ ಬುಟ್ಟು ಪ್ಲೇಟ್ ತಿಂತಾ?"

ಬೊಳ್ಳಮ್ಮ ಬೈಯಲಿಲ್ಲ. ಅದು ಮಾಯಿಲಪ್ಪನಿಗೆ ಬೈಗಳಿಗಿಂತ ಹೆಚ್ಚಾಯಿತು. ಅವರು ಹೇಳಿದ್ದು ಇಷ್ಟೇ: ಯಾವುದು ಉಳಿದಿದೆ ಯಾವುದು ಕೆಟ್ಟಿದೆ ಅಂತ ಒಂದೊಂದೇ ಹಾಕಿ ನೋಡು, ಭಾನುವಾರ ಭಾನುವಾರ ಬಾ. ಹೀಗೆ ಬ್ಯಾಟರಿಯ ರೆಕಾರ್ಡ್ ಪ್ಲೇಯರಿನ ಮುಂದೆ, ಬಂಗಲೆಯ ವರಾಂಡದ ಮೆಟ್ಟಿಲ ಮೇಲೆ, ಮಾಯಿಲಪ್ಪನ ಸಂಗೀತಾಭ್ಯಾಸ ಆರಂಭವಾಯಿತು. ಅದು ಸಂಗೀತವೆಂದು ಅವರಿಗೆ ಆಗ ಹೊಳೆದಿರಲಿಲ್ಲ. ಅವರು ನೋಡುತ್ತಿದ್ದುದು ಸೂಜಿಯನ್ನು. ಕಾಫಿಗಿರುವ ದರ್ಜೆಗಳನ್ನೇ ಕೊಟ್ಟರು. ಸೂಜಿ ಸುಮ್ಮನೆ ಹೋದರೆ 'ಎ'. ಏರಿಳಿದರೂ ಪ್ಲೇಟಿನ ಗೀರು ತಪ್ಪದಿದ್ದರೆ 'ಬಿ'. ಹಾರಿಬಿದ್ದರೆ ಒಡಕು ಕಾಳಿನ ರಾಶಿಗೆ.

ತೊಡಕು ಹುಟ್ಟಿದ್ದು ಒಂದು ಜಾಝ್ ಪ್ಲೇಟಿನಿಂದ. ತುತ್ತೂರಿ ಊದುವವನು ಒಂದು ದಾರಿಯಲ್ಲಿ ಹೊರಟು, ನಡುವೆ ಬಿಟ್ಟು, ಇನ್ನೆಲ್ಲೋ ಜಿಗಿದು, ಪಿಯಾನೊದವನು ಅವನನ್ನು ಹುಡುಕಿಕೊಂಡು ಹೋಗುವಂಥದ್ದು. ಮಾಯಿಲಪ್ಪ ಸ್ವಲ್ಪ ಕೇಳಿ ಒಡಕು ಕಾಳು ಎಂದು ತೀರ್ಪು ಕೊಟ್ಟರು. ಬೊಳ್ಳಮ್ಮ, "ಸೂಜಿ ನೋಡು ಮಾರಾಯ, ಸೂಜಿ ಎಲ್ಲಿ ಹಾರಿತು?" ಎಂದರು. ಹಾರಿರಲಿಲ್ಲ. ಪ್ಲೇಟು ನೀರಿನ ಹಾಗೆ ಸಮವಾಗಿ ತಿರುಗುತ್ತಿತ್ತು.

"ಆವತ್ತು ನನ್ನ ತಲೆ ಕೆಟ್ಟಿತು," ಎನ್ನುತ್ತಾರೆ ಮಾಯಿಲಪ್ಪ. "ಪ್ಲೇಟು ಸರಿ ಉಟ್ಟು, ಆದರೂ ಹಾರ್ತದೆ. ಅಂದರೆ ಅವರು ಬೇಕೂಂತಲೇ ಹಾರೋದು. ಆಮೇಲೆ ಕೇಳಿಕೆ ಶುರು ಮಾಡ್ದೆ. ಎಲ್ಲಿ ಹಾರ್ತಾರೆ, ಎಲ್ಲಿ ಇಳೀತಾರೆ ಅಂತ. ಬಿದ್ದರು ಅನ್ನುವಷ್ಟರಲ್ಲಿ ಇಳಿದಿರ್ತಾರೆ." ಈಗ ಆ ಪ್ಲೇಟು 'ಎ' ದರ್ಜೆಯಲ್ಲಿದೆ. ಒಬ್ಬನೇ ಕೂತು ಪಿಯಾನೊ ನುಡಿಸುವ ಇನ್ನೊಂದಕ್ಕೆ ಅವರು 'ಪೀಬೆರಿ' ಎಂದು ಹೆಸರಿಟ್ಟಿದ್ದಾರೆ. ಹಣ್ಣಿನಲ್ಲಿ ಜೋಡಿಯಿಲ್ಲದೆ ಒಂಟಿಯಾಗಿ ಬೆಳೆದ ಗುಂಡು ಬೀಜಕ್ಕೆ ಕಾಫಿಯವರು ಹೇಳುವ ಹೆಸರದು.

ಉಳಿದದ್ದು ಬ್ರೆಜಿಲ್. ಆ ದೇಶ ಮಾಯಿಲಪ್ಪನಿಗೆ ಹೊಸದಲ್ಲ. ಅಲ್ಲಿ ಹಿಮ ಬಿದ್ದ ಸುದ್ದಿ ಬಂದರೆ ಕಾಫಿಯ ಬೆಲೆ ಏರುತ್ತದೆಂದು ಇಲ್ಲಿನ ತೋಟದವರ ಮುಖ ಅರಳುತ್ತದೆ, ಅಲ್ಲಿ ಫಸಲು ಚೆನ್ನಾಗಿ ಬಂತೆಂದರೆ ಮಾದಾಪುರದಲ್ಲಿ ಯಾರೂ ಹೆಚ್ಚು ಮಾತಾಡುವುದಿಲ್ಲ. ಅಂಥ ದೇಶದವರು ಹಾಡುತ್ತಾರೆಂದು ಮಾತ್ರ ಅವರಿಗೆ ಗೊತ್ತಿರಲಿಲ್ಲ. ಆ ಪ್ಲೇಟಿನ ಒಂದು ಅಂಚು ಅಲೆಯಂತೆ ಎದ್ದಿದೆ. ಸೂಜಿ ಏರುತ್ತದೆ, ಇಳಿಯುತ್ತದೆ. ಗಿಟಾರಿನೊಡನೆ ಹಾಡುವವನ ದನಿಯೂ ಜೋಲಿ ಹೊಡೆಯುತ್ತದೆ. ಮಾಯಿಲಪ್ಪ 'ಬಿ' ಎಂದರು. ಮುಂದಿನ ಭಾನುವಾರ ಮತ್ತೆ ಹಾಕಿದರು. ಎಲ್ಲ ಪ್ಲೇಟುಗಳ ಪರೀಕ್ಷೆ ಮುಗಿದ ಮೇಲೂ ಅದೊಂದರ ಪರೀಕ್ಷೆ ಎರಡು ವರ್ಷದಿಂದ ನಡೆದೇ ಇದೆ.

ಜಾಝಿನಿಂದ ಕಲಿತದ್ದು ಇಲ್ಲಿ ಅವರನ್ನು ಬಿಡಲಿಲ್ಲ. ಆ ಹಾರಾಟ ಸಂಗೀತದ್ದೇ ಆಗಿದ್ದರೆ ಈ ತೂಗಾಟವೂ ಯಾಕಾಗಿರಬಾರದು? ಬೊಳ್ಳಮ್ಮನವರನ್ನು ಕೇಳಿದರೆ ಅವರಿಗೂ ತಿಳಿಯದು. "ನಮ್ಮವರು ಇದನ್ನ ಹಾಕಿ ತಲೆ ತೂಗ್ತಾ ಕೂತಿರ್ತಿದ್ದರು. ಹಾಡು ತೂಗ್ತಿತ್ತೋ ತಲೆ ಮಾತ್ರ ತೂಗ್ತಿತ್ತೋ, ನಾನು ಒಳಗೆ ಕಾಳುಮೆಣಸು ಅಳೀತಿದ್ದೆ," ಎನ್ನುತ್ತಾರೆ. ಕೊನೆಗೆ ಅವರೇ ಸೋಮಯ್ಯನಿಗೆ ಬರೆದು ಅದೇ ಪ್ಲೇಟಿನ ಇನ್ನೊಂದು ಪ್ರತಿ ಹುಡುಕಲು ಹೇಳಿದರು.

ಮಾಯಿಲಪ್ಪ ಬೇಡವೆಂದಿದ್ದರಂತೆ. ಯಾಕೆಂದು ಕೇಳಿದರೆ ಹಲಗೆಯನ್ನು ಊರಿ ನಿಲ್ಲುತ್ತಾರೆ. "ಹೆಸರು ಹೋಗ್ತದೆ ಅನ್ನೋದು ಒಂದು. ಅದು ಹೋಗಲಿ. ನಂಗೆ ಹಿಡಿಸಿದ್ದು ಆ ತೂಗೋದೇ. ಅದು ನನ್ನ ತಪ್ಪು ಅಂತಾದರೆ, ನಾನು ಎರಡು ವರ್ಷ ಕೇಳಿದ್ದು ಎಂತದನ್ನ?"

ಹತ್ತು ಗಂಟೆಯ ಹೊತ್ತಿಗೆ ಸೋಮಯ್ಯ ಬರುತ್ತಾರೆ. ಬಾಡಿಗೆ ಕಾರು, ಬೊಂಬಾಯಿಯ ಬುಶ್‌ಶರ್ಟು, ಕಂಕುಳಲ್ಲಿ ಚಪ್ಪಟೆ ಕಟ್ಟು. ಹಡಗಿನ ಕಂಪನಿಯಲ್ಲಿ ಕೆಲಸ. ಕಾಫಿ ಕುಡಿದು ಮುಗಿಸುವವರೆಗೂ ಕಟ್ಟು ಬಿಚ್ಚುವುದಿಲ್ಲ. ಮಾಯಿಲಪ್ಪ ಎಂದಿನಂತೆ ಮೆಟ್ಟಿಲ ಮೇಲೆ ಕೂರುತ್ತಾರೆ. ಕರೆಯದಿದ್ದರೂ ಮಾರಿ ಮತ್ತು ಇಬ್ಬರು ಹೆಂಗಸರು ಕಣದ ಅಂಚಿನವರೆಗೆ ಬಂದು ನಿಲ್ಲುತ್ತಾರೆ.

ಸೂಜಿ ಇಳಿಯುತ್ತದೆ. ಪ್ಲೇಟು ಸಮವಾಗಿ ತಿರುಗುತ್ತದೆ. ಗಿಟಾರು, ಆಮೇಲೆ ಅದೇ ದನಿ. ಆತ ಪಕ್ಕದ ಕೋಣೆಯಲ್ಲಿ ಯಾರೊಡನೆಯೋ ಮಾತನಾಡುವಷ್ಟು ಮೆಲ್ಲಗೆ, ಸ್ವಲ್ಪ ತಡವಾಗಿ, ನೆಟ್ಟಗೆ ಹಾಡುತ್ತಾನೆ. ಜೋಲಿಯಿಲ್ಲ.

"ಅಯ್, ಈವಯ್ಯನ ಗೂರಲು ವಾಸಿಯಾಗೈತೆ," ಎನ್ನುತ್ತಾಳೆ ಮಾರಿ.

ಹಾಡು ಮುಗಿಯುತ್ತದೆ. ಮಾಯಿಲಪ್ಪ ಎದ್ದು ನಿಲ್ಲುತ್ತಾರೆ. "ಹಾಗಾದರೆ ಹಾಳು ಮಾಡಿದ್ದು ನಾನೇ ಅಮ್ಮ."

"ನೀನೇ," ಎನ್ನುತ್ತಾರೆ ಬೊಳ್ಳಮ್ಮ. "ಅವರಿದ್ದಿದ್ದರೆ ಬೈತಿದ್ದರು. ಬೈದು ಮುಗಿಸಿ ಮತ್ತೆ ಅದನ್ನೇ ಹಾಕು ಅಂತಿದ್ದರು. ಕೂತ್ಕೊ."

ಹಳೆಯ ಪ್ಲೇಟನ್ನು ಬಿಸಿನೀರಿನಲ್ಲಿ ಅದ್ದಿ ಹೂಕುಂಡ ಮಾಡಬಹುದು, ಬೊಂಬಾಯಿಯಲ್ಲಿ ಹಾಗೆ ಮಾಡುತ್ತಾರೆ ಎಂದು ಸೋಮಯ್ಯ ಸಲಹೆ ಕೊಡುತ್ತಾರೆ. ಮಾಯಿಲಪ್ಪ ಒಪ್ಪುವುದಿಲ್ಲ. "ಅದು ಇರಲಿ ಸಾರ್. ಕೆಟ್ಟರೂ ಅದು ನಮ್ಮ ಕಣದ ಮಾಲು," ಎಂದು ಹೇಳಿ, ಹೊಸದನ್ನು ಇನ್ನೊಮ್ಮೆ ಹಾಕಬಹುದೇ ಎಂದು ಕೇಳುತ್ತಾರೆ.

ಎರಡನೆಯ ಸಲ ಅವರು ಸೂಜಿಯನ್ನು ನೋಡುವುದಿಲ್ಲ. ತಲೆ ಒಂದು ಕಡೆಗೆ ವಾಲುತ್ತದೆ. ಹಾಡು ಅರ್ಧವಾಗುವಷ್ಟರಲ್ಲಿ ಕೈಯೆತ್ತಿ, ಎಲ್ಲರೂ ಆಗಲೇ ಸುಮ್ಮನಿದ್ದರೂ, ಸುಮ್ಮನಿರಿ ಎನ್ನುತ್ತಾರೆ.

"ಇದರೊಳಗೆ ಯಾರೋ ಕಣದಲ್ಲಿ ಹಲಗೆ ಎಳೀತಾ ಒಳೊ."

ಸೋಮಯ್ಯ ವಿವರಿಸುತ್ತಾರೆ. ಅದು ಡ್ರಮ್ಮು, ಕೋಲಿನ ಬದಲು ತಂತಿಯ ಬ್ರಷ್ಷಿನಿಂದ ಚರ್ಮದ ಮೇಲೆ ಸವರುತ್ತಾರೆ, ಸರ್ ಸರ್ ಅನ್ನುತ್ತದೆ. ಮಾಯಿಲಪ್ಪ ಮರ್ಯಾದೆಯಿಂದ ಕೇಳುತ್ತಾರೆ. "ಇರಬಹುದು ಸಾರ್, ನೀವು ನೋಡಿದವರು," ಎಂದು ಒಪ್ಪುತ್ತಾರೆ. ಆಮೇಲೆ ಬೊಳ್ಳಮ್ಮನವರ ಕಡೆ ತಿರುಗುತ್ತಾರೆ. "ಹಳೇದರಲ್ಲಿ ಇವರು ಇರಲೇ ಇಲ್ಲೆ ಅಮ್ಮ. ಆ ತೂಗಾಟದಲ್ಲಿ ಮುಚ್ಚಿಹೋಗಿದ್ದರು. ಹಾಡುವವರದ್ದಕ್ಕಿಂತ ಇವರದ್ದೇ ಒಳ್ಳೆ ಕೆಲಸ. ಎಲ್ಲಿಯೂ ಅವಸರ ಇಲ್ಲೆ, ಎಲ್ಲಿಯೂ ನಿಲ್ಲಿಸೋದಿಲ್ಲೆ."

"ನಮ್ ಕಣಕ್ಕೆ ಕರ್ಸಿ ಮತ್ತೆ," ಎನ್ನುತ್ತಾಳೆ ಮಾರಿ. "ನಮಗೂ ಸೊಂಟ ನೋವು."

ಅಷ್ಟರಲ್ಲಿ ನೆರಳು ಕಾಲಬುಡಕ್ಕೆ ಬಂದಿದೆ. ಚಾಪೆ ಮುಚ್ಚುವ ಹೊತ್ತು. ಮಾಯಿಲಪ್ಪ ಮೆಟ್ಟಿಲಿಳಿದು ಹೆಂಗಸರನ್ನು ಮುಂದೆ ಕಳಿಸುತ್ತಾರೆ, ಹಲಗೆ ತೆಗೆದುಕೊಂಡು ಹರಡಿದ ಕಾಫಿಯನ್ನು ಉದ್ದ ಏರಿಗಳಾಗಿ ಎಳೆಯತೊಡಗುತ್ತಾರೆ. ಅರ್ಧ ಸಾಲು ಮುಗಿಸಿ ವರಾಂಡದ ಕಡೆ ನೋಡುತ್ತಾರೆ. ಸೋಮಯ್ಯ ಪ್ಲೇಟನ್ನು ಕವರಿಗೆ ಸೇರಿಸುವವರಿದ್ದಾರೆ.

"ಅದರ ಇನ್ನೊಂದು ಮುಖ ಕೇಳಿಲ್ಲೆ ಸಾರ್," ಎಂದು ಅಲ್ಲಿಂದಲೇ ಹೇಳುತ್ತಾರೆ. "ಸಂಜೆ ಬರ್ತೇನೆ. ಅದರಲ್ಲಿಯೂ ಇವರೇ ಎಳೀತಾ ಇದ್ದರೆ ಒಳ್ಳೆದಿತ್ತು."