ಸುಜಾತಳ ಕತೆಗೆ ಮೂವತ್ತೊಂದು ಹೂಂ, ನನ್ನದಕ್ಕೆ ಒಂದೂ ಇಲ್ಲ

ಶುಕ್ರವಾರ ಬೆಳಗ್ಗೆ ಮೊಬೈಲ್‌ನಲ್ಲಿ ಎಣಿಸಿದೆ. ಸುಜಾತಳ ಕತೆಯ ಪಕ್ಕದಲ್ಲಿ ಮೂವತ್ತೊಂದು ಹೂಂ.

ನನ್ನ ಕತೆಗೆ ಒಂದೂ ಇಲ್ಲ. ನಾಲ್ಕು ದಿನದಿಂದ ಕಾಯುತ್ತಿದ್ದೇನೆ...

ಹೂಂ ಅಂದರೆ ಏನೆಂದು ಹೇಳಿಬಿಡುತ್ತೇನೆ. ನಮ್ಮ ಕಡೆ ಕತೆ ಕೇಳುವವರು ಪ್ರತಿ ಮಾತಿಗೂ ಹೂಂಗುಟ್ಟಬೇಕು. ಹೂಂ ನಿಂತರೆ ಕತೆಯೂ ನಿಲ್ಲುತ್ತದೆ, ಹೇಳುವವರು ಮಗ್ಗುಲು ಬದಲಿಸಿ ಮಲಗಿಬಿಡುತ್ತಾರೆ.

ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರದ ಹನ್ನೆರಡು ಜನ ಸೇರಿ ಅಜ್ಜಿಯರ ಕತೆಗಳ ಪುಸ್ತಕ ಮಾಡುತ್ತಿದ್ದೇವೆ. ಬ್ರೌಸರ್‌ನಲ್ಲಿ ತೆರೆಯುವ ಒಂದೇ ಡಾಕ್ಯುಮೆಂಟ್, ಎಲ್ಲರೂ ಅದರಲ್ಲೇ ಬರೆಯುವುದು. ಓದಿದವರು ಹಿಡಿಸಿದ ಸಾಲಿಗೆಲ್ಲ ಪಕ್ಕದಲ್ಲಿ ಹೂಂ ಎಂದು ಕಾಮೆಂಟ್ ಹಾಕಬೇಕೆಂಬ ನಿಯಮ ತಂದವಳೂ ನಾನೇ!

ಸುಜಾತ ಗೌನಿಪಲ್ಲಿಯ ಮಾವಿನ ತೋಟದ ಮನೆಯವಳು. ಹತ್ತೂ ಬೆರಳಲ್ಲಿ ಟೈಪ್ ಮಾಡುತ್ತಾಳೆ. ಡಾಕ್ಯುಮೆಂಟಿನಲ್ಲಿ ಅವಳ ಹೆಸರು ಹೊತ್ತ ಕರ್ಸರಿನ ಗುಲಾಬಿ ಗೆರೆ ಕಟ್ಟಿರುವೆಯ ಹಾಗೆ ಸರಸರ ಓಡುತ್ತದೆ.

ನಾನು ಬೈರಕೂರಿನ ಪಕ್ಕದ ಹಳ್ಳಿಯಲ್ಲಿ ಲೈಬ್ರರಿ ನೋಡಿಕೊಳ್ಳುವವಳು. ನನಗೆ ಎರಡೇ ಬೆರಳು.

ಆದರೆ ಕತೆಯೇನು ಕಡಿಮೆಯೇ? ರಾಗಿ ಕಣ ಕಾಯಲು ಸೇರಿಕೊಂಡ ನರಿಯ ಕತೆ, ಅಜ್ಜಿ ನನಗೊಬ್ಬಳಿಗೇ ಹೇಳಿದ್ದು. ಪುಸ್ತಕಕ್ಕೆ ಸೇರದಿದ್ದರೆ ಅದು ನನ್ನ ಜೊತೆಗೇ ಮಣ್ಣಾಗುತ್ತದೆ. ಆ ಶುಕ್ರವಾರ ಸಂಜೆ ಆರಕ್ಕೆ ಡಾಕ್ಯುಮೆಂಟ್ ಲಾಕ್, ಅಲ್ಲಿಂದ ನೇರ ಪ್ರೆಸ್‌ಗೆ.

ಮುಕ್ಕಾಲು ಕತೆ ಬರೆದು ನಿಲ್ಲಿಸಿಬಿಟ್ಟಿದ್ದೆ. ಯಾರೂ ಹೂಂ ಅನ್ನದಿದ್ದರೆ ಮುಂದೆ ಯಾರಿಗೆ ಹೇಳಲಿ? ಮಾನ ಬೇಡವೇ?

ಮಧ್ಯಾಹ್ನ ಮೂರಕ್ಕೆ ಸುಜಾತಳದೇ ಫೋನು.

"ಏಮಕ್ಕಾ, ಅಲಿಗಿನಾವಾ?" ಮುನಿಸಾ ಎಂದು ತೆಲುಗಿನಲ್ಲಿ ಕೇಳಿದಳು. "ನಿನ್ ಹೆಸರಿನ ಕೆಳಗೆ ಬರೀ ಬಿಳೀ ಹಾಳೆ ಐತಲ್ಲಕ್ಕಾ. ಎಲ್ರೂ ನನ್ನೇ ಕೇಳ್ತಾವ್ರೆ, ನಿಮ್ಮಕ್ಕ ಯಾಕೆ ಬರೀಲಿಲ್ಲ ಅಂತ."

ಎಷ್ಟು ಕೊಬ್ಬು ಅಂದುಕೊಂಡೆ. ಲ್ಯಾಪ್‌ಟಾಪಿನಲ್ಲಿ ಮುಕ್ಕಾಲು ಕತೆ ನನ್ನ ಕಣ್ಣೆದುರಿಗೇ ಇದೆ!

ಅವಳ ಬಾಯಿ ಮುಚ್ಚಿಸೋಣವೆಂದು ಮೊಬೈಲ್‌ನಲ್ಲೂ ಡಾಕ್ಯುಮೆಂಟ್ ತೆರೆದೆ. ಆಗ ಹೊಳೆಯಿತು. ನಾಲ್ಕು ದಿನವೂ ಲ್ಯಾಪ್‌ಟಾಪಿನಲ್ಲಿ ನನ್ನ ಕತೆ, ಮೊಬೈಲ್‌ನಲ್ಲಿ ಅವಳ ಕತೆ ನೋಡುತ್ತಿದ್ದೆ. ಅವಳ ಹೂಂ ಎಣಿಸುವ ಭರದಲ್ಲಿ ಮೊಬೈಲ್‌ನಲ್ಲಿ ಎರಡು ಪುಟ ಕೆಳಗೆ ಇಳಿದೇ ಇರಲಿಲ್ಲ.

ಈಗ ಇಳಿದೆ. ನನ್ನ ಹೆಸರು, ಕತೆಯ ಹೆಸರು, ಅದರ ಕೆಳಗೆ... ಖಾಲಿ.

ಲ್ಯಾಪ್‌ಟಾಪ್ ದಿಟ್ಟಿಸಿದರೆ ಮೇಲಿನ ಮೂಲೆಯಲ್ಲಿ ಸಾಸಿವೆಯಷ್ಟು ಸಣ್ಣ ಅಕ್ಷರ. ಆಫ್‌ಲೈನ್, ಈ ಸಾಧನದಲ್ಲಿ ಮಾತ್ರ ಉಳಿಸಲಾಗಿದೆ. ನೆಟ್ ಚೆನ್ನಾಗಿದೆ, ಬೇರೆ ಸೈಟೆಲ್ಲ ತೆರೆಯುತ್ತಿದೆ, ಇದು ಮಾತ್ರ ಹಟ ಹಿಡಿದಿದೆ.

ರಿಫ್ರೆಶ್ ಮಾಡಿದೆ. ಬೇರೆ ಬ್ರೌಸರ್‌ನಲ್ಲಿ ತೆರೆದೆ, ಅಲ್ಲೂ ಬಿಳೀ ಹಾಳೆ. ಆಫ್ ಮಾಡಿ ಆನ್ ಮಾಡಿದೆ.

ದಿನಾ ಲೈಬ್ರರಿಗೆ ಪೇಪರ್ ಓದಲು ಬರುವ ಮುನಿಯಪ್ಪಣ್ಣ ಕನ್ನಡಕ ಇಳಿಸಿ ನೋಡಿದ. "ಏನಮ್ಮಾ, ಅಂಗೆ ಗುರಾಯಿಸಿದ್ರೆ ಆ ಪೆಟ್ಗೆ ಎದ್ರುಕೊಂಡು ಕೆಲ್ಸ ಮಾಡ್ತದಾ?"

ಮತ್ತೆ ಸುಜಾತಳ ಫೋನು. ಲ್ಯಾಪ್‌ಟಾಪ್ ಆಫ್‌ಲೈನ್ ಅನ್ನುತ್ತಿದೆ ಅಂತ ಹೇಳಿದೆ. "ಅಕ್ಕಾ, ಮೊದ್ಲು ಬರ್ದಿದ್ದನ್ನೆಲ್ಲ ಕಾಪಿ ಮಾಡಿ ಬೇರೆ ಕಡೆ ಹಾಕ್ಕೋ. ಆಮೇಲೆ ಬ್ರೌಸರ್‌ಗೆ ಎಕ್ಸ್‌ಟೆನ್ಷನ್ ಏನಾದ್ರೂ ಸೇರಿಸಿದ್ದೀಯಾ ನೋಡು. ಕ್ಯಾಶೆ ಮಾತ್ರ ಕ್ಲಿಯರ್ ಮಾಡ್ಬೇಡ, ನಿನ್ ಕತೆ ಅದ್ರೊಳಗೇ ಐತೆ!"

ಹೊಟ್ಟೆಕಿಚ್ಚು ಕಿವಿಗೆ ಹೇಗೆ ಬೆಣೆ ಹೊಡೆಯುತ್ತದೆ ನೋಡಿ. ಅವಳು ಬೇಡ ಅಂದಳಲ್ಲ, ಮದ್ದು ಅಲ್ಲೇ ಇರಬೇಕು ಅನ್ನಿಸಿತು. ನನ್ನ ಕತೆ ಬರುವುದು ಇವಳಿಗೆ ಬೇಕಿಲ್ಲ ಅಂತಲೂ ಅನ್ನಿಸಿತು... ಸುಳ್ಳು ಯಾಕೆ ಹೇಳಲಿ.

ಕ್ಯಾಶೆ, ಕುಕೀಸ್, ಸೈಟ್ ಡೇಟಾ. ಕಾಪಿಯನ್ನೂ ಮಾಡಿಕೊಳ್ಳದೆ ಇದ್ದಬದ್ದ ಚೌಕಕ್ಕೆಲ್ಲ ಟಿಕ್ ಹಾಕಿ ಅಳಿಸಿದೆ.

ಮತ್ತೆ ಲಾಗಿನ್ ಆದೆ. ಇನ್ನೂ ಆಫ್‌ಲೈನ್. ಆಗ ಎಕ್ಸ್‌ಟೆನ್ಷನ್ ಹುಡುಕಿದರೆ, ಧಾರಾವಾಹಿ ಮಧ್ಯೆ ಜಾಹೀರಾತು ಬರದಿರಲಿ ಅಂತ, ಕತೆಯ ಹೆಸರು ಬರೆದ ದಿನವೇ ಹಾಕಿಕೊಂಡ ಬ್ಲಾಕರ್ ಕೂತಿದೆ. ತೆಗೆದೆ, ಆಫ್‌ಲೈನ್ ಮಾಯವಾಯಿತು. ರೋಗ ಅಷ್ಟೇ ಆಗಿತ್ತು.

ಆದರೆ ಕತೆ ಇಲ್ಲ. ನರಿ ಇಲ್ಲ, ಕಣ ಇಲ್ಲ, ಒಂದು ಅಕ್ಷರ ಇಲ್ಲ.

ಆಗ ನಾಲ್ಕೂಕಾಲು. ಎರಡು ಬೆರಳಲ್ಲಿ ಆರು ಪುಟ ಆಗುವ ಮಾತೇ ಅಲ್ಲ. ಹೆಮ್ಮೆಯನ್ನು ನುಂಗಿ ನಾನೇ ಸುಜಾತಳಿಗೆ ಫೋನ್ ಮಾಡಿದೆ.

ನಾನು ಹೇಳಿದ್ನಲ್ಲಾ ಅಂತ ಅವಳು ಒಂದು ಮಾತು ಅನ್ನಲಿಲ್ಲ. ಅಂದಿದ್ದರೆ ನನಗೂ ಒಂದಿಷ್ಟು ಹಗುರವಾಗುತ್ತಿತ್ತು.

"ಅಳ್ಬೇಡಕ್ಕಾ. ಸ್ಪೀಕರ್ ಹಾಕು. ನೀನು ಹೇಳ್ತಾ ಹೋಗು, ನಾನು ಬರ್ಕೊಂತೀನಿ."

ಹೇಳಿದೆ. ನರಿ ಕಣಕ್ಕೆ ಬಂತು. ಹೂಂ ಅಂದಳು. ಕಣದ ಗೌಡನಿಗೆ ಕೈಮುಗಿಯಿತು. ಹೂಂ. ಗುಲಾಬಿ ಗೆರೆ ನನ್ನ ಹೆಸರಿನ ಕೆಳಗೆ ಓಡುತ್ತಿದೆ, ನನ್ನ ಅಜ್ಜಿಯ ಕತೆ ಅವಳ ಬೆರಳಿನಿಂದ ಬೀಳುವುದನ್ನು ನಾನು ಕೂತು ನೋಡುತ್ತಿದ್ದೇನೆ.

ನಿಂತುಹೋಗಿದ್ದ ಜಾಗ ಯಾವಾಗ ದಾಟಿತೋ ಗೊತ್ತೇ ಆಗಲಿಲ್ಲ. ಮುನಿಯಪ್ಪಣ್ಣನೂ ಪೇಪರ್ ಮಡಿಚಿಟ್ಟು ಹೂಂಗುಟ್ಟತೊಡಗಿದ. ನರಿ ತಾನು ಕದ್ದ ರಾಗಿಗೆ ತಾನೇ ಕಳ್ಳನನ್ನು ಹುಡುಕಲು ಹೊರಟಾಗ ಸುಜಾತ ಟೈಪ್ ಬಿಟ್ಟು ನಕ್ಕಳು. "ತಡಿಯಕ್ಕಾ, ತಡಿ... ಹೂಂ, ಈಗ ಹೇಳು."

ಆರಕ್ಕೆ ಐದು ನಿಮಿಷ ಇದ್ದಾಗ ಮುಗಿಯಿತು.

ಮರುದಿನ ಓದಿದೆ. ನಾಲ್ಕು ದಿನ ತಿಣುಕಿ ನಾನು ಬರೆದದ್ದರಲ್ಲಿ "ನರಿಯು ಚಿಂತಾಕ್ರಾಂತವಾಯಿತು" ಅಂತಿತ್ತು. ಅವಳು ನಾನು ಹೇಳಿದ ಹಾಗೇ ಹಾಕಿದ್ದಾಳೆ, ನಾನು ಉಸಿರು ಎಳೆದುಕೊಂಡ ಕಡೆಯೆಲ್ಲ ಸಾಲು ಮುರಿದಿದ್ದಾಳೆ. ಅಜ್ಜಿ ಪಕ್ಕದಲ್ಲಿ ಕೂತು ಹೇಳಿದಂತಿದೆ.

ನನಗಿಂತ ಚೆನ್ನಾಗಿದೆ.

ಥ್ಯಾಂಕ್ಸ್ ಹೇಳಬೇಕೆಂದು ಮೂರು ಸಲ ಮೆಸೇಜ್ ಟೈಪ್ ಮಾಡಿ ಅಳಿಸಿದ್ದೇನೆ. ಉಪಕಾರ ಮಾಡಿದವರ ಮೇಲೆಯೇ ಹೊಟ್ಟೆ ಇನ್ನಷ್ಟು ಉರಿಯುವುದು ನನಗೊಬ್ಬಳಿಗೇನಾ, ನಿಮಗೂ ಹೀಗಾಗುತ್ತದಾ?